ಅಳಿಯನ ಹೆಸರಿದ್ದ ಸಾಲು

ಪಟಾನ್‌ಚೆರುವಿನಿಂದ ಬರುವ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಔಷಧ ಕಾರ್ಖಾನೆಯ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಾಕೆಯ ಮಗಳಿಗೆ ಮರುದಿನ ಮದುವೆ, ಅಲ್ಲಿ ಅವಳು ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಸೇರಿಸಿ ಹೇಳಬೇಕು ಎಂಬುದು ಮಾತಿನಿಂದಲೇ ತಿಳಿಯಿತು.

“ಹರ್ಷದಾ, ನಾ ಹೇಳಿದ ಒಡಪಿನ ಸಾಲು ನೆನಪೈತಿಲ್ಲ?”

“ಐತ್ರಿ ಅಕ್ಕಾ. ಗುಳಿಗಿ ತುಂಬೂತನಕ ಅದನ್ನ ಅನಕೋತ ಇದ್ದೆ.”

“ಏನ್ ಮಾಡೂದು? ಒಳಗ ಪೆನ್ನಿಲ್ಲ, ಫೋನಿಲ್ಲ, ಕೈಗೆ ಗ್ಲೌಸು. ನನಗ ಹೊಳಿಯೂದು ಮಾತ್ರ ಅಲ್ಲೇ. ಎರಡೂ ಸಾಲು ನಾನ ಇಟ್ಕೊಂಡ್ರ ಒಂದು ಹಾರಿ ಹೋಗ್ತೈತಿ. ‘ಮಲ್ಲಿಗಿ ಅರಳಾಕ ಬೇಕು ವಸಂತ’ ನನ್ನದು. ಅಳಿಯಾ ಹೇಮಂತನ ಹೆಸರಿರೋ ಸಾಲು ನಿನ್ನದು.”

“ಈಗ ಹೇಳ್ತೀನಿ, ಫೋನಿನಾಗ ಬರಕೋರಿ.”

“ಬ್ಯಾಡ. ನಾಳೆ ಗಂಡನ ಹೆಸರು ಹೇಳೋ ಮುಂದ ಮಗಳ ಕಿವ್ಯಾಗ ಹೇಳು.”

“ಬರಂಗಿಲ್ಲ ಅಂದೀನಲ್ರಿ. ಗಂಡನ್ನ ಕಳಕೊಂಡಾಕಿ ಮದುಮಗಳ ಬಾಜೂಕ ಕೂತ್ರ ಮಂದಿ ಏನಂದಾರು?”

“ಒಡಪು ಕೇಳಬೇಕಂದ್ರ ಸುಮ್ನ ಕೂಡ್ತಾರ.”

“ನೀವು ಬೇಕಂತ ಆ ಸಾಲು ನನಗ ಕೊಟ್ರಿ.”

“ಹೌದು, ಬೇಕಂತ ಕೊಟ್ಟೆ.”

ಕೂಕಟ್‌ಪಲ್ಲಿ ಬಂತು. ಹಿರಿಯಾಕೆ ಎದ್ದು ಬಾಗಿಲಿಗೆ ನಡೆದಳು.

“ಅಕ್ಕಾ, ಎಷ್ಟೊತ್ತಿಗೆ ಬರ್ಲಿರಿ?”

“ಮುತ್ತೈದೇರಕಿಂತ ಮೊದಲ ಬಾ,” ಎಂದವಳು ತಿರುಗಿ ನೋಡದೆ ಇಳಿದುಹೋದಳು.