ಇಬ್ಬರು ಎಂಬುದನ್ನು ತಿದ್ದಿ ಓದಿಕೊಳ್ಳುವುದು

ಅಧ್ಯಕ್ಷರೇ, ಆರು ಗಂಟೆ ಕಲಹಾರಿಯ ಧೂಳು ಕುಡಿದು ಬಂದ ಮುಖ್ಯ ಅತಿಥಿಗಳೇ, ವೇದಿಕೆಯ ಮೇಲಿರುವ ನನ್ನ ತಾಯಿ ಗ್ರಿಯೆಟ್ ಮತ್ತು ಸೋದರಮಾವ ಸಾಗರಿಯಾಸ್ ಅವರೇ, ರೋಯಿಪಾನ್ ಊರಿನ ಸಭಿಕರೇ,

ನಮ್ಮ ಭಾಷೆ ಮಾತನಾಡುವವರು ಈಗ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದಾರೆ. ಇದು ಇತ್ತೀಚಿನ ಅಂಕಿ. ವರದಿ ಮಾಡಿದ್ದು ನಮ್ಮ ಜಿಲ್ಲಾ ವಾರಪತ್ರಿಕೆ, ಮೊದಲ ಪುಟ, ಎಡಗಡೆ. ಬರೆದವನು ನಾನು, ಈಗ ವಂದನಾರ್ಪಣೆಗೆ ನಿಂತಿರುವವನೂ ನಾನೇ. ಆ ಇಬ್ಬರನ್ನು ಸನ್ಮಾನಿಸಲೆಂದೇ ಚರ್ಚಿನ ಈ ಸಭಾಂಗಣದಲ್ಲಿ ನಾವು ಸೇರಿದ್ದೇವೆ.

ಈ ಖಂಡದಲ್ಲಿ ಎರಡು ಸಾವಿರ ಭಾಷೆಗಳಿವೆ ಎಂದು ಮುಖ್ಯ ಅತಿಥಿಗಳು ಹೇಳಿದರು. ಒಂದೊಂದೂ ರತ್ನ ಎಂದರು. ಇಂಗ್ಲಿಷಿನಲ್ಲಿ ಎಂದರು. ಅಧ್ಯಕ್ಷರು ಅದನ್ನು ಆಫ್ರಿಕಾನ್ಸ್‌ನಲ್ಲಿ ಹೇಳಿದರು. ಉಳಿದ ಸಾವಿರದ ಒಂಬೈನೂರ ತೊಂಬತ್ತೆಂಟು ಭಾಷೆಗಳ ಪರವಾಗಿ ನಾವು ಚಪ್ಪಾಳೆ ತಟ್ಟಿದೆವು. ನಮ್ಮ ಮಾತಿನಲ್ಲಿ ಬರುವ ನಾಲಿಗೆ ಲೊಚಗುಟ್ಟುವ ಸದ್ದುಗಳನ್ನೂ ಅವರು ಮೆಚ್ಚಿಕೊಂಡರು. ಒಂದನ್ನು ತಾವೇ ಮಾಡಿ ತೋರಿಸಿದರು. ಹೊರಗೆ ಗಾಡಿಗೆ ಹೂಡಿದ್ದ ಕತ್ತೆ ಎರಡು ಹೆಜ್ಜೆ ಮುಂದೆ ಹೋಯಿತು. ಕಿಟಕಿಯ ಬಳಿ ಕೂತವರು ಸಾಕ್ಷಿ ಇದ್ದಾರೆ.

ಆಮೇಲೆ ಕಾರ್ಯಕ್ರಮ ಪಟ್ಟಿಯ ನಾಲ್ಕನೆಯ ಸಾಲು: ಕೊನೆಯ ಇಬ್ಬರ ಸಂಭಾಷಣೆ. ಎದುರುಬದುರು ಎರಡು ಕುರ್ಚಿ, ನಡುವೆ ಒಂದು ಮೈಕು. ವಿಶ್ವವಿದ್ಯಾಲಯದ ಡಾಕ್ಟರ್ ಮಾರ್ಲೀನ್ ಇದನ್ನು ಧ್ವನಿಮುದ್ರಿಸಲೆಂದೇ ಬಂದಿದ್ದಾರೆ, ಮಂಗಳವಾರ ಹೊರಡುತ್ತಾರೆ. ಅವರ ಬಳಿ ನಮ್ಮ ಪದಗಳ ದೊಡ್ಡ ಪಟ್ಟಿ ಇದೆ. ಇಬ್ಬರು ಕೂತು ಹರಟಿದ್ದು ಒಂದು ನಿಮಿಷವೂ ಇಲ್ಲ. ನನ್ನ ತಾಯಿಗೆ ಎಂಬತ್ತೊಂಬತ್ತು, ಮಾವನಿಗೆ ಎಂಬತ್ತಾರು. ಈ ಸಲ ಸಿಗದಿದ್ದರೆ ಮುಂದಿನ ಸಲ ಎಂಬುದು ಇರುತ್ತದೆಯೇ?

ಇಬ್ಬರೂ ಕುರ್ಚಿಗಳನ್ನು ನಿಮ್ಮ ಕಡೆ ತಿರುಗಿಸಿಕೊಂಡು ಹನ್ನೊಂದು ನಿಮಿಷ ಸುಮ್ಮನೆ ಕೂತರು. ಮೌನವೂ ಒಂದು ಭಾಷೆ ಎಂದು ಅತಿಥಿಗಳು ಕಣ್ಣೊರೆಸಿಕೊಂಡರು. ಸನ್ಮಾನ್ಯರೇ, ಅದಕ್ಕೆ ನಮ್ಮಲ್ಲಿ ಮರ್ಯಾದೆ ಎನ್ನುತ್ತಾರೆ. ಪ್ರಾಯಕ್ಕೆ ಬಂದ ಅಕ್ಕ ತಮ್ಮ ನೇರವಾಗಿ ಮಾತನಾಡುವುದಿಲ್ಲ. ಮೂರನೆಯವರಿಗೆ ಹೇಳುತ್ತಾರೆ, ಅವರು ದಾಟಿಸುತ್ತಾರೆ. ದಾಟಿಸುವ ತನಕ ಮಾತು ಕಿವಿಗೆ ಬಿದ್ದರೂ ಬಿದ್ದಿಲ್ಲವೆಂದೇ ಲೆಕ್ಕ. ಐವತ್ತು ವರ್ಷ ದಾಟಿಸಿದವಳು ನನ್ನ ಅತ್ತೆ, ಮಾವನ ಹೆಂಡತಿ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಔಷಧಿ, ಹಿಟ್ಟಿನಂಥ ವಿಷಯಗಳನ್ನು ಅಕ್ಕಪಕ್ಕದವರು ಆಫ್ರಿಕಾನ್ಸ್‌ನಲ್ಲಿ ದಾಟಿಸುತ್ತಾರೆ. ನಮ್ಮ ಭಾಷೆಯ ಒಂದು ಮಾತೂ ಅಂದಿನಿಂದ ಇವರಿಬ್ಬರ ಮನೆಗಳ ನಡುವಿನ ತಂತಿಬೇಲಿ ದಾಟಿಲ್ಲ. ಕಾರ್ಯಕ್ರಮ ಪಟ್ಟಿ ಅಚ್ಚು ಹಾಕಿಸುವ ಮುನ್ನ ಇದನ್ನು ಯಾರು ವಿಚಾರಿಸಿದರು?

ಹನ್ನೆರಡನೆಯ ನಿಮಿಷಕ್ಕೆ ನನ್ನ ತಾಯಿ ಏನೋ ಹೇಳಿದರು. ಪೂರ್ವಜರ ಪ್ರಾರ್ಥನೆ ಎಂದು ಅಧ್ಯಕ್ಷರು ಸಾರಿದರು. ನಾವೆಲ್ಲ ಎದ್ದು ನಿಂತೆವು. ಅವರು ಹೇಳಿದ್ದು ಇಷ್ಟು: "ಅವನ ಮೀಸೆಗೆ ಜಾಮ್ ಹತ್ಕೊಂಡಿದೆ, ಒರೆಸ್ಕೋ ಅಂತ ಯಾರಾದ್ರೂ ಹೇಳ್ರೋ." ಮಾವ ಕೂಡ ನಿಮ್ಮನ್ನೇ ನೋಡುತ್ತ ಅಂದರು: "ನಂಗೊತ್ತು ಅಂತ ಹೇಳ್ರಪ್ಪ. ಇವ್ರ ಭಾಷಣ ಮುಗಿಯೋ ಹೊತ್ಗೆ ಹಸಿವಾಗುತ್ತೆ, ಅದಕ್ಕೇ ಉಳಿಸ್ಕೊಂಡಿದೀನಿ."

ನಗಿ, ನಾನೂ ಒಳಗೊಳಗೆ ನಕ್ಕೆ. ಮೂರನೇ ಸಾಲಿನಲ್ಲಿ ಡಾಕ್ಟರ್ ಮಾರ್ಲೀನ್ ಮಾತ್ರ ನಗುತ್ತಿಲ್ಲ, ಪೆನ್ನು ತೆಗೆದಿದ್ದಾರೆ.

ಹೌದು ಮೇಡಂ. ಎರಡೂ ಮಾತು ನನಗೆ ಅರ್ಥವಾಯಿತು. ಇದನ್ನು ಹೇಳಬೇಕೆಂದು ನಾನು ಇಲ್ಲಿ ಬಂದು ನಿಂತಿರಲಿಲ್ಲ.

ಹೋದ ವರ್ಷ ನೀವು ನನ್ನ ಬಾಗಿಲಲ್ಲಿ ನಿಂತು "ನಿಮಗೂ ಬರುತ್ತಾ?" ಎಂದಿರಿ. ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಎಂದೆ. ಆಮೇಲೆ ಒಳಗೆ ಹೋಗಿ ಇಬ್ಬರು ಎಂದು ವರದಿ ಬರೆದೆ. ಏಳು ವರ್ಷದವನಾಗಿದ್ದಾಗ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. "ಇನ್ನೊಂದ್ಸಲ ಲೊಚಗುಟ್ಟೋ ಕೋತಿ, ಎಲ್ರೂ ಕೇಳ್ಲಿ." ಇಡೀ ತರಗತಿ ನಕ್ಕಿತು. ಅಧ್ಯಕ್ಷರೇ, ನೀವು ಎರಡನೇ ಬೆಂಚಿನಲ್ಲಿದ್ದಿರಿ. ಇವತ್ತಿನ ಚಪ್ಪಾಳೆ ಆ ನಗುವಿನಷ್ಟು ಜೋರಾಗಿಲ್ಲ.

ಅತ್ತೆ ಹೋದ ಮೇಲೆ ಅಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದರು: "ನಿನ್ ಮಾವನ್ಗೆ ಒಂದ್ಮಾತು ಹೇಳ್ಬಾರೋ."

"ಮರ್ತೋಗಿದೆ ಅಮ್ಮ."

"ಮರ್ತಿರೋನು ನಿದ್ದೇಲಿ ಅದ್ರಲ್ಲೇ ಬೈತೀಯಲ್ಲೋ."

ಮೂವತ್ತೊಂದು ವರ್ಷ ವರದಿಗಾರನಾಗಿ ಊರಿನವರ ತಪ್ಪು ಹುಡುಕಿದವನು ನಾನು. ಮುಂದಿನ ಸಂಚಿಕೆಯಲ್ಲಿ ನನ್ನದೂ ಒಂದು ಬರುತ್ತದೆ, ಮೊದಲ ಪುಟ, ಎಡಗಡೆ: ಇಬ್ಬರು ಎಂದು ಪ್ರಕಟವಾಗಿರುವುದನ್ನು ಮೂವರು ಎಂದು ತಿದ್ದಿ ಓದಿಕೊಳ್ಳುವುದು.

ಒಂದು ನಿಮಿಷ, ಸಭಿಕರೇ. ಮಾವ, ಮೀಸೆ ಒರೆಸ್ಕೋಬೇಕಂತೆ, ಅಮ್ಮ ಹೇಳ್ತಿದಾರೆ. ಅಮ್ಮ, ಅವ್ರಿಗೆ ಗೊತ್ತಂತೆ, ಹಸಿವಿಗೆ ಇಟ್ಕೊಂಡಿದಾರಂತೆ.

ಇದನ್ನು ನಮ್ಮ ಭಾಷೆಯಲ್ಲೇ ಹೇಳಿದೆ, ಆ ಬೆಂಚು ಇಳಿದ ಐವತ್ತೇಳು ವರ್ಷಗಳ ಮೇಲೆ, ಜನರ ಎದುರಿಗೆ. ಈ ಸಲ ಕತ್ತೆ ಅಲುಗಲಿಲ್ಲ. ಮಾವ ಮೀಸೆ ಒರೆಸಿಕೊಂಡರು. ಅಮ್ಮ ಇನ್ನೂ ಏನೋ ಹೇಳುತ್ತಿದ್ದಾರೆ, ಎರಡು ವರ್ಷದ ಬಾಕಿ ಇದೆ, ಅದನ್ನು ಮೈಕಿನಲ್ಲಿ ದಾಟಿಸಲಾರೆ.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಹನ್ನೊಂದು ನಿಮಿಷ ಕಾದ ನಿಮಗೆ ಕೃತಜ್ಞತೆಗಳು. ಧ್ವನಿಮುದ್ರಣ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ, ಮಾವನ ಅಂಗಳದಲ್ಲಿ. ಕುರ್ಚಿಗಳು ಮೂರು. ನಮಸ್ಕಾರ.