ಹಕ್ಕಿ ತಲೆಯ ಮಾತು

ಝಬಗ್ಲಿ ಹಳ್ಳಿಯ ಬಸ್ ನಿಲ್ದಾಣ. ಪಾರ್ಶ್ವವಾಯು ಬಡಿದು ಮಾತು ನಿಂತ ಗಂಡನನ್ನು ನೋಡಿಕೊಳ್ಳುವ ಕುಲ್ಯಾಶ್ ಅಜ್ಜಿ, ಕಾಡುಹಕ್ಕಿಗಳ ಮಿದುಳಿನ ಬಗ್ಗೆ ಸಂಶೋಧನೆ ಮಾಡುವ ರೈಹಾನಳ ಕೈಗೆ ಬೌರ್ಸಾಕ್ ಎಂಬ ಕರಿದ ಹಿಟ್ಟಿನುಂಡೆಗಳ ಗಂಟು ತುರುಕಿದರು.

“ತಗೋ ಮಗಳೇ, ಈಗಷ್ಟೇ ಕರಿದಿದ್ದು. ನಿನ್ನೆ ನಮ್ಮ ಮುದುಕ ಬಾಯಿಬಿಟ್ಟ!”

“ಹೌದಾ! ಏನಂದ್ರು?”

“‘ಚಹಾ ಆರಿಹೋಗಿದೆ’ ಅಂದ. ಆರು ತಿಂಗಳಾದ್ಮೇಲೆ ಮೊದಲ್ನೇ ಮಾತೇ ತಕರಾರು!”

“ಅದಕ್ಕೆ ನನಗ್ಯಾಕಜ್ಜಿ ಇದೆಲ್ಲ?”

“ಚಳಿಗಾಲದಲ್ಲಿ ಹಕ್ಕಿ ತಲೇಲಿ ಹಾಡೋ ಜಾಗ ಕುಗ್ಗತ್ತೆ, ವಸಂತಕ್ಕೆ ಮತ್ತೆ ಬೆಳೆಯತ್ತೆ ಅಂದಿದ್ಯಲ್ಲ.”

“ಅದು ಹಕ್ಕಿಗೆ. ಮನುಷ್ಯರಿಗೆ ಹಂಗಲ್ಲ.”

“ಗೊತ್ತು ಕಣೇ. ಆದ್ರೆ ನೀನು ಹೇಳದೇ ಇದ್ದಿದ್ರೆ ನಾನು ಅವನ ಹತ್ರ ಮಾತಾಡೋದನ್ನೇ ಬಿಟ್ಟುಬಿಡ್ತಿದ್ದೆ.”

ರೈಹಾನ್ ಕಣ್ಣೊರೆಸಿಕೊಂಡಳು. ಬಸ್ ಬಂತು.

“ಹತ್ತಿ ಅಜ್ಜಿ.”

“ನಾನೆಲ್ಲಿಗೆ? ಇದನ್ನ ಕೊಡೋಕೇ ಬಂದೆ. ಮನೇಲಿ ಅವನು ಬೈಯೋಕೆ ಕಾಯ್ತಿರ್ತಾನೆ.”

ಅಜ್ಜಿ ನಗುತ್ತ ಊರಿನತ್ತ ತಿರುಗಿದರು.