ತಟ್ಟೆ ಬೇರೆ, ಉಸಿರು ಒಂದೇ

ಮಠಕ್ಕೆ ಬಂದಿರೋ ತಾಯಂದಿರೇ, ಅಣ್ಣಂದಿರೇ, ಒಂದು ಊರು ಅಂದುಕೊಳ್ಳಿ. ಆ ಊರಿಗೆಲ್ಲ ದೊಡ್ಡ ಮನೆ ಒಬ್ಬ ಸಾಹುಕಾರನದು. ಅವನ ತಾಯಿಗೆ ಕ್ಷಯ ಬಂತು. ನೋಡಿ, ಸಾಹುಕಾರ ಕೆಟ್ಟವನಲ್ಲ. ತಾಯಿಗೆ ಔಷಧಿ ತಂದ, ಹಾಲು ಹಣ್ಣು ತಂದ. ಆದರೆ ಎಲ್ಲಕ್ಕಿಂತ ಮೊದಲು ಮಾಡಿದ್ದೇನು? ತಾಯಿಯ ತಟ್ಟೆ ಬೇರೆ ಮಾಡಿದ, ಲೋಟ ಬೇರೆ ಮಾಡಿದ. ಸದ್ಯ, ಮನೆ ಉಳೀತು ಅಂತ ನಿಶ್ಚಿಂತೆಯಿಂದ ಮಲಗಿದ. ಅವನ ಪುಟ್ಟ ಮಗಳು ಎಲ್ಲಿ ಮಲಗಿದ್ದಳು ಗೊತ್ತೇ? ಅಜ್ಜಿಯ ಕೌದಿಯೊಳಗೆ! ಚಳಿ ಅಂತ ಕಿಟಕಿಯನ್ನೂ ಮುಚ್ಚಿದ್ದರು. ತಟ್ಟೆ ಬೇರೆಯಾಗಿತ್ತು ತಾಯಂದಿರೇ, ಉಸಿರು ಬೇರೆಯಾಗಿತ್ತೇ?

ಆಸ್ಪತ್ರೆಯ ನರ್ಸಮ್ಮ ಬಂದಳು. "ಮನೆಮಂದಿಯೆಲ್ಲ ಬಂದು ಎದೆ ಫೋಟೋ ತೆಗೆಸ್ಕೊಳ್ಳಿ ಸಾಹುಕಾರ್ರೇ. ರೋಗ ಇದ್ದೋರಿಗೆ ಚಿಕಿತ್ಸೆ, ಇಲ್ಲದೋರಿಗೆ ಮುಂದೆ ಬರದ ಹಾಗೆ ಮಾತ್ರೆ" ಅಂದಳು.

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. "ರೋಗ ಇಲ್ಲದೋರಿಗೆ ಮಾತ್ರೆ ಯಾಕಮ್ಮ? ನನ್ನ ತಂಗಿ ಮದುವೆ ಮಾತು ನಡೀತಿದೆ. ನಾವೆಲ್ಲ ಆಸ್ಪತ್ರೆ ಮುಂದೆ ಸಾಲಾಗಿ ನಿಂತರೆ ಊರು ಏನನ್ನುತ್ತೆ? ಇನ್ನು ಈ ಕಡೆ ಬರಬೇಡ" ಅಂತ ಬಾಗಿಲು ಹಾಕಿದ. ಒಳಗೊಳಗೇ ಪುಕುಪುಕು. ಫೋಟೋದಲ್ಲಿ ಏನಾದರೂ ಕಂಡುಬಿಟ್ಟರೆ? ನೋಡದೇ ಇದ್ದರೆ ಇಲ್ಲ ಅಂತಲೇ ಅಲ್ಲವೇ? ನಗಬೇಡಿ. ನಮ್ಮ ಯೋಚನೆಯೂ ಇದೇ.

ಹಿಂದಿನ ಕೋಣೆಯಲ್ಲಿ ತಾಯಿಗೆ ಎಲ್ಲ ಕೇಳಿಸಿತು. ಎದ್ದಳು. ಬಾಯಿಗೆ ಸೆರಗು ಹಿಡಿದು ಬಾಗಿಲು ತೆಗೆದಳು, ಜಗಲಿ ಮೇಲೆ ಕೂತಳು, ನೀರಿಗೆ ಹೊರಟಿದ್ದ ಹೆಂಗಸರನ್ನು ಕೂಗಿದಳು. "ಕೇಳ್ರೇ, ನನಗೆ ಕ್ಷಯ ಬಂದಿದೆ. ಆ ನರ್ಸಮ್ಮನ್ನ ವಾಪಸ್ ಕರೀರಿ!"

ಸಾಹುಕಾರ ಓಡಿಬಂದ. "ಅವ್ವಾ, ಮರ್ಯಾದೆ ಹೋಯ್ತಲ್ಲ!"

"ಹೋಗ್ಲಿ ಬಿಡು. ಬೇರೆ ತಟ್ಟೆ ಕೊಟ್ಟೆ, ನಾನು ತುಟಿ ಪಿಟಕ್ಕೆನ್ನಲಿಲ್ಲ. ಈಗ ಮಾತ್ರ ಸುಮ್ಮನಿರಲ್ಲ. ನನ್ನ ಕೆಮ್ಮು ಆ ಕೂಸಿಗೆ ಹತ್ತಿದರೆ ನಾನು ಬದುಕಿ ಏನು ಮಾಡ್ಲಿ? ಮಗೂನ ಎತ್ಕೋ, ನಡಿ!"

ಸಾಹುಕಾರನಿಗೆ ಅಳು ಬಂತು. ಮಗಳನ್ನು ಎತ್ತಿಕೊಂಡು ನಡುಬೀದಿಯಲ್ಲೇ ನಡೆದ, ಹಿಂದೆ ಮನೆಮಂದಿಯೆಲ್ಲ. ಪರೀಕ್ಷೆಯಾಯಿತು. ತಾಯಿಯನ್ನು ಬಿಟ್ಟು ಬೇರೆ ಯಾರಿಗೂ ಇನ್ನೂ ರೋಗ ಬಂದಿರಲಿಲ್ಲ. ಆದರೆ ಅದರ ಬೀಜ ಯಾರ ಎದೆಯಲ್ಲಿ ಮಲಗಿತ್ತೋ ಯಾರಿಗೆ ಗೊತ್ತು? ಅದು ಏಳುವ ಮೊದಲೇ ಮಾತ್ರೆ ಶುರುವಾಯಿತು. ಗಂಡಿನ ಕಡೆಯವರು? ನಾನು ಸುಳ್ಳು ಹೇಳಲ್ಲ, ಅವರು ಹಿಂದೆ ಸರಿದರು. ತಂಗಿ "ಹೋದರೆ ಹೋಗ್ಲಿ ಬಿಡಣ್ಣ" ಅಂದು ತನ್ನ ಮಾತ್ರೆ ನುಂಗಿ ನೀರು ಕುಡಿದಳು.

ಈಗ ನಿಮ್ಮನ್ನೇ ಕೇಳ್ತೀನಿ. ನಿಮ್ಮ ಮನೇಲಿ ಕ್ಷಯದವರು ಇದ್ದಾರಾ? ಕೆಮ್ಮು ಬಂದಮೇಲೆ ನೋಡೋಣ ಅನ್ನಬೇಡಿ. ನಾಳೆ ಬೆಳಗ್ಗೆ ಕೂಸಿನಿಂದ ಮುದುಕರ ತನಕ ಎಲ್ಲರೂ ಪರೀಕ್ಷೆ ಮಾಡಿಸಿ. ಮಾತ್ರೆ ಕೊಟ್ಟರೆ, ಚೆನ್ನಾಗೇ ಇದ್ದೀನಲ್ಲ ಅಂತ ನಡುವೆ ಬಿಡಬೇಡಿ, ಡಾಕ್ಟರು ಸಾಕು ಅನ್ನೋ ತನಕ ನುಂಗಿ. ಮೈಗೆ ಒಗ್ಗದಿದ್ದರೆ ಅವರಿಗೇ ಹೇಳಿ. ಕಿಟಕಿ ತೆಗೀರಿ. ರೋಗಿಯನ್ನ ಮೂಲೆಗೆ ತಳ್ಳಬೇಡಿ.

ನಾಚಿಕೆಯಾಗುತ್ತಾ? ಹಾಗಾದರೆ ಮಠದ ಬಾಗಿಲಿಗೆ ಬನ್ನಿ. ಆಸ್ಪತ್ರೆ ತನಕ ನಿಮ್ಮ ಜೊತೆ ಈ ಮಠದ ಸ್ವಾಮಿ, ನಾನೂ ನಡೀತೀನಿ. ಊರು ನೋಡೋದಾದರೆ ನನ್ನನ್ನೂ ನೋಡಲಿ.